ಕೆಂಚನ ಜೊತೆ ಮೇಪಲ್ ಪಾಸ್: ಮೇಲೆ ಮೊದಲ ಹಿಮ ಬಿದ್ದಿದೆ, ಹೋಗಬಹುದಾ?

ಬೆಟ್ಟದಹಾದಿ | ಮಂಗಳವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾವು ಸಿಯಾಟಲ್ ಹತ್ತಿರ ಇರುವವರು. ಈ ಶನಿವಾರ ನಾರ್ತ್ ಕ್ಯಾಸ್ಕೇಡ್ಸ್ ಬೆಟ್ಟಸಾಲಿನ ಮೇಪಲ್ ಪಾಸ್ (ಪಾಸ್ ಅಂದರೆ ಬೆಟ್ಟ ದಾಟುವ ಕಣಿವೆ) ಚಾರಣದ ಸುತ್ತು ಹಾಕುವ ಆಸೆ ಇದೆ. ನಾನು, ನನ್ನ ಹೆಂಡತಿ, ಜೊತೆಗೆ ನಮ್ಮ ನಾಯಿ ಕೆಂಚ.

ಕೆಂಚ ಬೆಂಗಳೂರಿನ ಬೀದಿನಾಯಿ. ಜಯನಗರದಲ್ಲಿ ಮರಿಯಾಗಿ ಸಿಕ್ಕವನು, ನಮ್ಮ ಜೊತೆಗೇ ಇಲ್ಲಿಗೆ ಬಂದ. ಐದು ವರ್ಷ, 21 ಕಿಲೋ, ಗಟ್ಟಿ ಮೈ. ಬೇಸಿಗೆಯಲ್ಲಿ ಇಲ್ಲಿನ ಬೆಟ್ಟಗಳನ್ನು ನಮಗಿಂತ ಚೆನ್ನಾಗಿ ಹತ್ತುತ್ತಾನೆ. ದೊಡ್ಡ ಬಂಡೆ ಬಂದರೆ ಮೊದಲು ಹಾರಿ, ಮೇಲೆ ನಿಂತು, ನಾವು ಬರುವ ತನಕ ಕಾಯುತ್ತಾನೆ.

ಈ ಸಲದ ಪ್ರಶ್ನೆ ಹಿಮದ್ದು. ಭಾನುವಾರ ರಾತ್ರಿ ಮೇಲೆ ಮೊದಲ ಹಿಮ ಬಿದ್ದಿದೆ. ಹೋಗಿ ಬಂದವರು ಹೇಳುವಂತೆ ಕಾಡಿನೊಳಗೆ ಬರೀ ಚುಕ್ಕಿ ಚುಕ್ಕಿ, ಹಾದಿಯಲ್ಲಿ ಮೇಲೆ ಸಿಗುವ ಹೆದರ್ ಪಾಸ್ ಹತ್ತಿರ ಪಾದ ಮುಳುಗುವಷ್ಟು. ಶನಿವಾರ ಬೆಳಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಮೋಡ, ಸಂಜೆಗೆ ಮತ್ತೆ ಹಿಮ ಅನ್ನುತ್ತಿದೆ ಮುನ್ಸೂಚನೆ. ಲಾರ್ಚ್ ಮರಗಳ ಹಳದಿ ಬಣ್ಣ ಇನ್ನೂ ಸ್ವಲ್ಪ ಉಳಿದಿದೆಯಂತೆ. ಹಳದಿ ಲಾರ್ಚ್ ಮತ್ತು ಬಿಳಿ ಹಿಮ ಒಟ್ಟಿಗೆ ಸಿಗುವುದು ವರ್ಷದಲ್ಲಿ ಕೆಲವೇ ದಿನ. ಅದಕ್ಕೇ ಮನಸ್ಸು ಎಳೆಯುತ್ತಿದೆ.

ಆದರೆ ಕೆಂಚನ ಕೂದಲು ತೀರಾ ಗಿಡ್ಡ. ಹಸ್ಕಿ ತರಹದ ನಾಯಿಗಳಿಗೆ ಇರುವ ಒಳಗಿನ ದಟ್ಟ ಪದರ ಅವನಿಗಿಲ್ಲ. ಇಲ್ಲಿ ನಾವಿರುವ ಊರಿನಲ್ಲಿ ಹಿಮ ಬಿದ್ದಾಗ ಖುಷಿಯಿಂದ ಓಡಿದ್ದಾನೆ, ಆದರೆ ಅದು ಮನೆ ಮುಂದೆ, ಸ್ವಲ್ಪ ಹೊತ್ತು. ಬೆಟ್ಟದ ಮೇಲೆ ಐದಾರು ಗಂಟೆ ಬೇರೆ ವಿಷಯ ಅಲ್ವಾ? ಬೂಟು ಬೇಕಾ, ಕೋಟು ಸಾಕಾ, ಯಾವಾಗ ತಿರುಗಿ ಬರಬೇಕು? ಗಿಡ್ಡ ಕೂದಲಿನ ನಾಯಿ ಇರುವವರು ದಯವಿಟ್ಟು ಹೇಳಿ.

ಕಾಫಿಸೀಮೆ | ಮಂಗಳವಾರ ರಾತ್ರಿ

ಒಳ್ಳೆಯ ಜಾಗ ಆರಿಸಿದ್ದೀರಿ. ನಾಯಿ ಇರುವವರಿಗೆ ಇಲ್ಲಿ ಮೊದಲ ತೊಡಕೇ ಜಾಗದ್ದು. ರೇನಿಯರ್ ರಾಷ್ಟ್ರೀಯ ಉದ್ಯಾನದ ಹಾದಿಗಳಲ್ಲಿ ನಾಯಿ ಬಿಡುವುದಿಲ್ಲ. ಎನ್‌ಚಾಂಟ್‌ಮೆಂಟ್ಸ್ ಅನ್ನುವ ಬೆಟ್ಟದ ಕೆರೆಗಳ ಚಾರಣದ ಜಾಗದಲ್ಲೂ ಇಲ್ಲ. ನಾರ್ತ್ ಕ್ಯಾಸ್ಕೇಡ್ಸ್ ರಾಷ್ಟ್ರೀಯ ಉದ್ಯಾನದೊಳಗೆ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಬಿಟ್ಟರೆ ಬೇರೆ ಹಾದಿಗಳಲ್ಲಿ ಇಲ್ಲ. ಮೇಪಲ್ ಪಾಸ್ ರಾಷ್ಟ್ರೀಯ ಅರಣ್ಯದಲ್ಲಿ ಬರುವುದರಿಂದ ಲೀಶ್ (ನಾಯಿ ಹಿಡಿಯುವ ಹಗ್ಗ) ಹಾಕಿ ಕರೆದುಕೊಂಡು ಹೋಗಬಹುದು. ಆದರೆ ಮೇಲೆ ಬೆಟ್ಟದ ನೆತ್ತಿಯ ಏಣಿನಲ್ಲಿ ಉದ್ಯಾನದ ಗಡಿ ಪಕ್ಕದಲ್ಲೇ ಇದೆ. ಹಾದಿ ಬಿಟ್ಟು ಆ ಕಡೆ ಇಳಿಯಬೇಡಿ.

ಪೂರ್ತಿ ಸುತ್ತು 7.2 ಮೈಲಿ, ಅಂದರೆ ಹನ್ನೊಂದೂವರೆ ಕಿಲೋಮೀಟರ್. ಏರಿಕೆ 2,000 ಅಡಿ. ರೇನಿ ಪಾಸ್‌ನ ಕಾರು ನಿಲ್ದಾಣವೇ ಸುಮಾರು 4,850 ಅಡಿ ಎತ್ತರದಲ್ಲಿದೆ. ತುದಿ 6,650 ಅಡಿ. ಗಡಿಯಾರದ ವಿರುದ್ಧ ದಿಕ್ಕಿನಲ್ಲಿ ಹೋಗಿ. ಲೇಕ್ ಆ್ಯನ್ ಕಡೆಯಿಂದ ಹತ್ತಿದರೆ ಏರು ಮೆಲ್ಲಗೆ. ರೇನಿ ಲೇಕ್ ಕಡೆಯ ಇಳಿಜಾರು ಕಡಿದು, ಹಿಮ ಇದ್ದರೆ ಜಾರುತ್ತದೆ. ಹಿಮ ಬಿದ್ದ ಮೇಲೆ ನಾನು ಆ ಕಡೆ ಇಳಿಯುವುದಿಲ್ಲ. ಹತ್ತಿದ ದಾರಿಯಲ್ಲೇ ವಾಪಸ್ ಬರುತ್ತೇನೆ.

ಕಾರು ನಿಲ್ಲಿಸಲು ಬೇಕಾದ ಪರವಾನಗಿ ಚೀಟಿ, ನಾರ್ತ್‌ವೆಸ್ಟ್ ಫಾರೆಸ್ಟ್ ಪಾಸ್, ಮರೆಯಬೇಡಿ. ದಾರಿಯಲ್ಲಿ ಸಿಗುವ ಮಾರ್ಬಲ್‌ಮೌಂಟ್ ಊರಿನಲ್ಲಿ ಪೆಟ್ರೋಲ್ ಹಾಕಿಸಿಕೊಳ್ಳಿ. ಅಲ್ಲಿಂದ ಮುಂದೆ ಬಹುಪಾಲು ದಾರಿಯಲ್ಲಿ ಫೋನ್ ಸಿಗ್ನಲ್ ಕೂಡ ಇಲ್ಲ. ಮೊದಲೇ ನಕ್ಷೆ ಇಳಿಸಿಕೊಂಡಿರಿ. ಸೂರ್ಯ ಸಂಜೆ ಆರರ ಹೊತ್ತಿಗೆ ಮುಳುಗುತ್ತಾನೆ, ಬೆಟ್ಟದ ನೆರಳು ಅದಕ್ಕಿಂತ ಬಹಳ ಮೊದಲೇ ಬೀಳುತ್ತದೆ. ತಲೆಗೆ ಕಟ್ಟುವ ಟಾರ್ಚ್ ಇರಲಿ.

ಇನ್ನೊಂದು ಮಾತು. ಶರತ್ಕಾಲ ಇಲ್ಲಿ ಬೇಟೆಯ ಕಾಲವೂ ಹೌದು, ರಾಷ್ಟ್ರೀಯ ಅರಣ್ಯದಲ್ಲಿ ಬೇಟೆಗೆ ಅನುಮತಿ ಇದೆ. ಕೆಂಪು ಕಂದು ಬಣ್ಣದ ನಾಯಿ ಮರದ ಸಂದಿಯಲ್ಲಿ ಜಿಂಕೆಯಂತೆ ಕಂಡೀತು. ಕೆಂಚನಿಗೆ ಹೊಳೆಯುವ ಕಿತ್ತಳೆ ಬಣ್ಣದ ಬಟ್ಟೆ ಹಾಕಿ.

ತುಂಗಾತೀರ | ಬುಧವಾರ ಬೆಳಗ್ಗೆ

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ, ಬೇಸರ ಬೇಡ. ಬೀದಿನಾಯಿ ನಮ್ಮ ಊರಿನ ಬಿಸಿಲಿಗೆ ಹೊಂದಿಕೊಂಡ ಜೀವ. ಲಾರ್ಚ್ ನೋಡುವ ಆಸೆ ನಿಮ್ಮದು, ಅವನದಲ್ಲ. ಅವನು ನಿಮ್ಮ ಜೊತೆ ಎಲ್ಲಿಗೆ ಬೇಕಾದರೂ ಬರುತ್ತಾನೆ, ಚಳಿಯಾದರೂ ಬಾಯಿ ಬಿಟ್ಟು ಹೇಳುವುದಿಲ್ಲ. ಇದೊಂದು ದಿನ ಯಾರ ಹತ್ತಿರವಾದರೂ ಬಿಟ್ಟು ಹೋಗಬಹುದಲ್ಲ?

ಧಾರವಾಡದ_ವೈದ್ಯೆ | ಬುಧವಾರ ಮಧ್ಯಾಹ್ನ

ನಾನು ಪಶುವೈದ್ಯೆ, ಈಗ ಕೆನಡಾದ ಕ್ಯಾಲ್ಗರಿಯಲ್ಲಿದ್ದೇನೆ. ಗಿಡ್ಡ ಕೂದಲಿನ ನಾಯಿಗಳನ್ನು ಇಲ್ಲಿನ ಚಳಿಯಲ್ಲಿ ದಿನವೂ ನೋಡುತ್ತೇನೆ. ತುಂಗಾತೀರ ಅವರ ಮಾತಿನಲ್ಲಿ ಒಂದು ಭಾಗ ಪೂರ್ತಿ ನಿಜ: ನಾಯಿ ಹೇಳುವುದಿಲ್ಲ. ಹಿಂಡಿನ ಜೊತೆ ಇರಬೇಕು ಅನ್ನುವುದು ಅದಕ್ಕೆ ನೋವಿಗಿಂತ ದೊಡ್ಡದು. ಆದ್ದರಿಂದ ನೋಡುವ ಕೆಲಸ ನಿಮ್ಮದು. ಆದರೆ ಹೋಗಲೇಬಾರದು ಅಂತ ನಾನು ಹೇಳುವುದಿಲ್ಲ. ಆರೋಗ್ಯವಾಗಿರುವ, ಬೆಟ್ಟ ಹತ್ತಿ ರೂಢಿಯಿರುವ ಐದು ವರ್ಷದ ನಾಯಿ ನಡೆಯುತ್ತಲೇ ಇದ್ದರೆ ಮೈ ಬೆಚ್ಚಗಿರುತ್ತದೆ. ತೊಂದರೆ ಶುರುವಾಗುವುದು ನಿಂತಾಗ ಮತ್ತು ಒದ್ದೆಯಾದಾಗ.

ಪಾದದ ಬಗ್ಗೆ ಮೊದಲು. ನಾಯಿ ಹಿಮದ ಮೇಲೆ ಬರಿಗಾಲಲ್ಲಿ ಹೇಗೆ ನಿಲ್ಲುತ್ತದೆ ಅನ್ನುವುದಕ್ಕೆ ಜಪಾನಿನ ಸಂಶೋಧಕರು 2011ರಲ್ಲಿ ಒಂದು ಚೆಂದದ ಉತ್ತರ ಕೊಟ್ಟರು. ಪಾದದೊಳಗೆ ಬಿಸಿ ರಕ್ತ ಇಳಿಯುವ ನಾಳಗಳೂ ತಣ್ಣಗಾದ ರಕ್ತ ಮೇಲೇರುವ ನಾಳಗಳೂ ಒಂದಕ್ಕೊಂದು ತೀರಾ ಹತ್ತಿರ ಇರುತ್ತವೆ. ಇಳಿಯುವ ರಕ್ತ ಏರುವ ರಕ್ತವನ್ನು ಬಿಸಿ ಮಾಡುತ್ತದೆ. ಹಾಗಾಗಿ ಪಾದ ಹೆಪ್ಪುಗಟ್ಟುವುದಿಲ್ಲ, ತಣ್ಣನೆ ರಕ್ತ ನೇರ ಎದೆಗೂ ಹೋಗುವುದಿಲ್ಲ. ಈ ಏರ್ಪಾಡು ಚಳಿಯಿಂದ ಸ್ವಲ್ಪ ಮಟ್ಟಿಗೆ ಕಾಪಾಡುತ್ತದೆ, ಗಾಯದಿಂದ ಕಾಪಾಡುವುದಿಲ್ಲ. ಮೇಲ್ಪದರ ಗಟ್ಟಿಯಾದ ಹಿಮ ಗಾಜಿನ ಚೂರಿನಂತೆ ಪಾದದ ಗಾದಿಯನ್ನು ಕೊಯ್ಯುತ್ತದೆ. ಕೆಂಚನಂಥ ಗಿಡ್ಡ ಕೂದಲಿನವರಿಗೆ ಒಂದು ಅನುಕೂಲ ಇದೆ. ಉದ್ದ ಕೂದಲಿನ ನಾಯಿಗಳಿಗೆ ಬೆರಳ ಸಂದಿಯಲ್ಲಿ ಹಿಮ ಉಂಡೆಗಟ್ಟಿ ಕುಂಟುವಂತಾಗುತ್ತದೆ, ಇವನಿಗೆ ಅದು ಕಡಿಮೆ. ಆದರೂ ಬೂಟು ಒಯ್ಯಿರಿ. ನಾಯಿಗಳು ಹಿಮಬಂಡಿ ಎಳೆಯುವ ಅಲಾಸ್ಕಾದ ಇಡಿಟರಾಡ್ ಓಟದಲ್ಲಿ ಪ್ರತಿ ನಾಯಿಗೆ ಎಂಟು ಬಟ್ಟೆಬೂಟು ಇರಲೇಬೇಕು ಅನ್ನುವುದು ನಿಯಮ. ಹಿಮದಲ್ಲೇ ಬದುಕುವ ನಾಯಿಗಳಿಗೇ ಹಾಗೆ. ಬೂಟನ್ನು ಇವತ್ತಿನಿಂದಲೇ ಮನೆಯಲ್ಲಿ ಹಾಕಿಸಿ ಓಡಾಡಿಸಿ. ಬೆಟ್ಟದ ಬುಡದಲ್ಲಿ ಮೊದಲ ಸಲ ಹಾಕಿದರೆ ಒದ್ದು ಬಿಸಾಡುತ್ತಾನೆ. ಒಪ್ಪದೇ ಹೋದರೆ ಪಾದಕ್ಕೆ ಹಚ್ಚುವ ಮೇಣ ಸಿಗುತ್ತದೆ, ದಪ್ಪಗೆ ಬಳಿಯಿರಿ.

ಈಗ ಮುಖ್ಯ ವಿಷಯ. ನಾಯಿಯ ಮೈ ಬಿಸಿ ಸಾಮಾನ್ಯವಾಗಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. 37ಕ್ಕಿಂತ ಕೆಳಗಿಳಿದರೆ ಅಪಾಯ. ಅಲ್ಲಿ ನೀವು ಥರ್ಮಾಮೀಟರ್ ಇಡಲಾರಿರಿ, ಆದ್ದರಿಂದ ಗುರುತುಗಳನ್ನು ತಿಳಿದುಕೊಳ್ಳಿ. ಬಾಲ ಒಳಗೆ ಸೇರುವುದು, ಬೆನ್ನು ಗೂನಾಗುವುದು, ಕಾಲನ್ನು ಒಂದೊಂದಾಗಿ ಎತ್ತುವುದು, ನಿಮ್ಮ ಹಿಂದೆ ಬಂದು ನಿಲ್ಲುವುದು. ಇಷ್ಟು ಕಂಡರೆ ತಿರುಗಿ. ನಡುಗಲು ಶುರುವಾದರೆ ನಿಲ್ಲದೆ ಇಳಿಯಿರಿ. ನಡುಗುತ್ತಿದ್ದವನು ಬೆಚ್ಚಗಾಗದೆಯೇ ನಡುಕ ನಿಂತು ಮಂಕಾದರೆ, ಅವನು ಸುಧಾರಿಸಿದ ಅಂದುಕೊಳ್ಳಬೇಡಿ. ಅದೇ ಅತಿ ಕೆಟ್ಟ ಗುರುತು. ಒರೆಸಿ, ಒಣ ಬಟ್ಟೆ ಸುತ್ತಿ, ಬೆಚ್ಚಗಿನ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಎದೆ ಹೊಟ್ಟೆಗೆ ಹಿಡಿಯಿರಿ. ಕಾಲು ಉಜ್ಜುತ್ತಾ ಕೂರಬೇಡಿ.

ನೀರು ಬೆಚ್ಚಗೆ ಮಾಡಿ ಫ್ಲಾಸ್ಕಿನಲ್ಲಿ ಒಯ್ಯಿರಿ, ಇಲ್ಲದಿದ್ದರೆ ಹಿಮ ತಿನ್ನುತ್ತಲೇ ಇರುತ್ತಾನೆ. ಜಾಸ್ತಿ ಹಿಮ ತಿಂದರೆ ಮೈ ಒಳಗಿಂದ ತಣ್ಣಗಾಗುತ್ತದೆ, ಹೊಟ್ಟೆಯೂ ಕೆಡುತ್ತದೆ. ಊಟ ದಿನಕ್ಕಿಂತ ಹೆಚ್ಚು ಬೇಕು, ಸ್ವಲ್ಪ ಸ್ವಲ್ಪವಾಗಿ ಕೊಡಿ. ನಮ್ಮವರು ಚೀಲದಲ್ಲಿ ಗೋಡಂಬಿ, ಒಣದ್ರಾಕ್ಷಿ ಬೆರೆಸಿ ಒಯ್ಯುತ್ತಾರೆ, ಪಕ್ಕದಲ್ಲಿ ಕೂತ ನಾಯಿಗೂ ಒಂದು ಹಿಡಿ ಹಾಕುತ್ತಾರೆ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತವೆ. ಈರುಳ್ಳಿ ಹಾಕಿದ ಚಿತ್ರಾನ್ನವೂ ಬೇಡ. ಚಾಕೊಲೇಟ್ ಬೇಡವೇ ಬೇಡ.

ಬೇಕರ್_ಕಡೆಯವನು | ಬುಧವಾರ ಸಂಜೆ

ವೈದ್ಯೆ ಹೇಳಿದ 'ಒದ್ದೆ' ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಲ್ಲಿನ ಬೆಟ್ಟಗಳ ಮಟ್ಟಿಗೆ ಎಲ್ಲವೂ ಅದರ ಮೇಲೇ ನಿಂತಿದೆ.

ಕ್ಯಾಲ್ಗರಿಯ ಹಿಮ ಒಣ ಪುಡಿ. ಮೈನಸ್ 10ರಲ್ಲಿ ನಾಯಿ ಮೈ ಕೊಡವಿದರೆ ಉದುರಿ ಹೋಗುತ್ತದೆ. ಕ್ಯಾಸ್ಕೇಡ್ಸ್ ಹಾಗಲ್ಲ. ಪೆಸಿಫಿಕ್ ಸಾಗರದ ತೇವ ತುಂಬಿದ ಗಾಳಿ ನೇರ ಬಂದು ಈ ಬೆಟ್ಟಗಳಿಗೆ ಬಡಿಯುತ್ತದೆ. ಬೇಕರ್ ಸ್ಕೀ ತಾಣದಲ್ಲಿ 1998–99ರ ಒಂದೇ ಚಳಿಗಾಲದಲ್ಲಿ 1,140 ಇಂಚು ಹಿಮ ಬಿದ್ದು ವಿಶ್ವದಾಖಲೆ ಆಯಿತು, ಅದೇ ಗಾಳಿಯಿಂದ. ಆ ಹಿಮ ಭಾರ, ಒದ್ದೆ. ಅದರಲ್ಲೂ ಅಕ್ಟೋಬರ್ ಹಿಮ ಬೀಳುವುದು ಸೊನ್ನೆಯ ಆಚೀಚೆ. ನೆಲದಲ್ಲಿ ಇನ್ನೂ ಬೇಸಿಗೆಯ ಬಿಸಿ ಉಳಿದಿರುತ್ತದೆ, ಕೆಳಗಿಂದ ಕರಗುತ್ತದೆ. ಪೊದೆಗಳ ಮೇಲಿನ ಹಿಮ ಹಾದುಹೋಗುವಾಗ ಮೈಗೆ ತಾಗಿ ನೀರಾಗುತ್ತದೆ. ನಮಗೆ ಮೊಣಕಾಲಿನ ಹತ್ತಿರ ತಾಗುವ ಪೊದೆ ಕೆಂಚನಿಗೆ ಎದೆ, ಹೊಟ್ಟೆ. ಹೊಟ್ಟೆಯಲ್ಲಿ ಕೂದಲೇ ಇಲ್ಲ. ಜನ ಬೆನ್ನಿಗೆ ದಪ್ಪ ಕೋಟು ಹಾಕಿ ಹೊಟ್ಟೆ ಬರಿದು ಬಿಡುತ್ತಾರೆ. ಹೊಟ್ಟೆ ಮುಚ್ಚುವ, ನೀರು ತಡೆಯುವ ಹೊರಕೋಟು ಬೇಕು, ಒಳಗೆ ಫ್ಲೀಸ್. ಇನ್ನೊಂದು ಒಣ ಫ್ಲೀಸ್ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿರಿ, ಮೇಲೆ ಹೋದ ಮೇಲೆ ಬದಲಾಯಿಸಿ. ಹತ್ತುವಾಗ ಅವನಿಗೆ ಸೆಕೆಯಾದರೆ ಕೋಟು ತೆಗೆಯಿರಿ, ನಿಂತ ಕೂಡಲೇ ಹಾಕಿ.

ಮುನ್ಸೂಚನೆ ಓದುವಾಗ ಎರಡು ಸಂಖ್ಯೆ ಕಾಣುತ್ತವೆ. ಗಾಳಿ ಸೊನ್ನೆ ಡಿಗ್ರಿ ಮುಟ್ಟುವ ಎತ್ತರ ಒಂದು, ಹಿಮ ಬೀಳುವ ಎತ್ತರ ಇನ್ನೊಂದು. ಹಿಮ ಸಾಮಾನ್ಯವಾಗಿ ಸೊನ್ನೆ ಮಟ್ಟಕ್ಕಿಂತ ಸುಮಾರು ಸಾವಿರ ಅಡಿ ಕೆಳಗಿನವರೆಗೂ ಕರಗದೆ ಬೀಳುತ್ತದೆ. ಆ ಸಾವಿರ ಅಡಿಯ ಪಟ್ಟಿಯೇ ನಾಯಿಗೆ ಅತಿ ಕೆಟ್ಟದ್ದು, ಯಾಕೆಂದರೆ ಅಲ್ಲಿ ಬೀಳುವುದು ಅರ್ಧ ನೀರು. ಶನಿವಾರ ಮಧ್ಯಾಹ್ನ ನೀವಿರುವ ಎತ್ತರ ಸರಿಯಾಗಿ ಆ ಪಟ್ಟಿಯೊಳಗೇ ಬರುತ್ತದೆ. ಮೋಡ ಬರುವ ಮೊದಲು ಕಾಡಿನೊಳಗೆ ಇಳಿದಿರಬೇಕು.

ಹಾದಿಯಲ್ಲಿ ಹೆದರ್ ಪಾಸ್‌ಗೆ ಮುಂಚೆ ಕಲ್ಲುರಾಶಿ ದಾಟಬೇಕು. ಅಲ್ಲಿ ಎಚ್ಚರ. ಹೊಸ ಹಿಮ ಕಲ್ಲಿನ ಸಂದಿಗಳನ್ನು ಮುಚ್ಚಿರುತ್ತದೆ, ತುಂಬಿರುವುದಿಲ್ಲ. ಮೇಲಿನಿಂದ ಸಮ ಕಾಣುತ್ತದೆ, ಕಾಲಿಟ್ಟರೆ ತೊಡೆ ತನಕ ಇಳಿಯುತ್ತದೆ. ನಾಯಿಯ ಕಾಲು ಮುರಿಯುವುದು ಇಂಥ ಕಡೆಯೇ. 21 ಕಿಲೋ ನಾಯಿಯನ್ನು ಹೊತ್ತು ನಾಲ್ಕು ಕಿಲೋಮೀಟರ್ ಇಳಿಯಲು ಆಗುತ್ತದಾ ಅಂತ ಮನೆಯಲ್ಲೇ ಎತ್ತಿ ನೋಡಿ. ನಾಯಿ ಹೊರಲೆಂದೇ ಮಾಡಿದ ಮಡಚುವ ಜೋಳಿಗೆ ಸಿಗುತ್ತದೆ, ತೂಕ ಬಹಳ ಕಡಿಮೆ. ನಾನಂತೂ ಅದಿಲ್ಲದೆ ಹೊರಡುವುದಿಲ್ಲ.

ಗಾಳಿಗುಡ್ಡ | ಬುಧವಾರ ರಾತ್ರಿ

ನಾಯಿಗೆ ಲೀಶ್ ಹಾಕಿ ಬೆಟ್ಟ ಹತ್ತಿಸುವುದು ನನಗೆ ಯಾವತ್ತೂ ಸರಿ ಅನಿಸಿಲ್ಲ. ಬಿಟ್ಟರೆ ಅದು ತನ್ನ ದಾರಿ ತಾನೇ ಹುಡುಕುತ್ತದೆ, ಹಿಂದೆ ಮುಂದೆ ಓಡಿ ಮೈ ಬೆಚ್ಚಗೆ ಇಟ್ಟುಕೊಳ್ಳುತ್ತದೆ. ಜನ ಕಡಿಮೆ ಇರುವ ಕಾಲ ಇದು. ಕೂಗಿದರೆ ಬರುವ ನಾಯಿ ಆಗಿದ್ದರೆ ಬಿಡಬಹುದು ಅನ್ನುವುದು ನನ್ನ ಅನುಭವ.

ಕಾಫಿಸೀಮೆ | ಬುಧವಾರ ರಾತ್ರಿ

ಗಾಳಿಗುಡ್ಡ ಅವರೇ, ಓಡುವ ನಾಯಿಯ ಖುಷಿ ನನಗೂ ಇಷ್ಟ. ಆದರೆ ಈ ಹಾದಿಯಲ್ಲಿ ಅದನ್ನು ಒಪ್ಪಲಾರೆ. ಮೊದಲನೆಯದಾಗಿ ಇಲ್ಲಿ ಲೀಶ್ ಕಡ್ಡಾಯ. ಎರಡನೆಯದು ಪೈಕಾಗಳು. ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಪ್ರಾಣಿ, ಮೊಲದ ಬಳಗದ್ದು. ಕಲ್ಲುರಾಶಿಯೇ ಅದರ ಮನೆ. ಅದು ಚಳಿಗಾಲ ನಿದ್ದೆ ಮಾಡುವುದಿಲ್ಲ, ಬೇಸಿಗೆ ಮತ್ತು ಶರತ್ಕಾಲದಲ್ಲಿ ಹುಲ್ಲು ಕೂಡಿಟ್ಟು ಅದನ್ನೇ ತಿಂದು ಬದುಕುತ್ತದೆ. ಈಗ ಅದಕ್ಕೆ ಒಂದೊಂದು ಗಂಟೆಯೂ ಬೆಲೆಯದ್ದು. ಅದರ ಕೀಚು ದನಿ ಕೇಳಿದ ನಾಯಿ ಎಷ್ಟೇ ಮಾತು ಕೇಳುವುದಾದರೂ ಕಲ್ಲುಗಳ ಮೇಲೆ ಹಾರುತ್ತದೆ. ಕಲ್ಲುಗಳ ಕೆಳಗೆ ಏನಿದೆ ಅಂತ ಈಗಷ್ಟೇ ಓದಿದೆವು.

ಮೂರನೆಯದು ಏಣಿನ ಅಂಚು. ಗಾಳಿ ಹಿಮವನ್ನು ತಳ್ಳಿ ಅಂಚಿನಿಂದ ಹೊರಗೆ ಚಾಚಿ ನಿಲ್ಲಿಸುತ್ತದೆ, ಕೆಳಗೆ ಏನೂ ಇರುವುದಿಲ್ಲ. ಇಷ್ಟು ಬೇಗ ಅದು ದೊಡ್ಡದಾಗಿ ಬೆಳೆದಿರುವುದಿಲ್ಲ. ಆದರೆ ನಾಯಿ ಅಂಚಿಗೆ ಹೋಗುವುದನ್ನು ನೋಡುತ್ತಾ ಲೆಕ್ಕ ಹಾಕುವುದು ಬೇಡ.

ಬೆಟ್ಟದಹಾದಿ ಅವರೇ, ಸೊಂಟಕ್ಕೆ ಕಟ್ಟುವ ಲೀಶ್ ಹತ್ತುವಾಗ ಚೆನ್ನ. ಇಳಿಯುವಾಗ ಕೈಗೆ ತೆಗೆದುಕೊಳ್ಳಿ, ಒಂದು ಎಳೆತಕ್ಕೆ ಇಬ್ಬರೂ ಜಾರುತ್ತೀರಿ. ನಿಮ್ಮ ಬೂಟಿಗೆ ಮೈಕ್ರೋಸ್ಪೈಕ್ (ಜಾರದಂತೆ ತಡೆಯುವ ಲೋಹದ ಮುಳ್ಳು) ಹಾಕಿದ್ದರೆ ಕೆಂಚನ ಪಾದ ನಿಮ್ಮ ಹಿಮ್ಮಡಿ ಹತ್ತಿರ ಬಾರದಂತೆ ನೋಡಿಕೊಳ್ಳಿ. ಆ ಮುಳ್ಳು ನೇರ ಪಾದದ ಮೇಲೆ ಇಳಿದರೆ ಗಾಯ ಸಣ್ಣದಲ್ಲ.

ಘಟಪ್ರಭಾ | ಗುರುವಾರ ಬೆಳಗ್ಗೆ

ನಾನು ಮುಧೋಳದ ಕಡೆಯವನು. ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಮುಧೋಳ ನಾಯಿ ಇವೆ. 2005ರಲ್ಲಿ ಅಂಚೆ ಇಲಾಖೆ ನಮ್ಮ ನಾಯಿಯ ಚೀಟಿ ತಂದಾಗ ಊರಿಗೆ ಊರೇ ಹೆಮ್ಮೆಪಟ್ಟಿತ್ತು. ಹಿಮ ನಾನು ನೋಡಿಲ್ಲ, ಆದರೆ ಗಿಡ್ಡ ಕೂದಲಿನ ತೆಳ್ಳನೆ ನಾಯಿಯನ್ನು ಚಳಿಯಲ್ಲಿ ಸಾಕುವುದು ಗೊತ್ತು. ಡಿಸೆಂಬರ್ ಬೆಳಗಿನ ಜಾವ ಹೊಲದಲ್ಲಿ ಓಡುವ ತನಕ ಅವಕ್ಕೆ ಚಳಿಯೇ ಇಲ್ಲ. ಓಟ ನಿಲ್ಲಿಸಿ ಬರಿ ನೆಲದ ಮೇಲೆ ಮಲಗಿದ ಕೂಡಲೇ ನಡುಗುತ್ತವೆ. ಮೈಯಲ್ಲಿ ಕೊಬ್ಬಿಲ್ಲ, ಹಿಡಿದಿಡಲು ಏನೂ ಇಲ್ಲ. ನಮ್ಮ ಅಜ್ಜ ಕಂಬಳಿ ಹಾಸದೆ ಅವನ್ನು ಕೂರಿಸುತ್ತಿರಲಿಲ್ಲ. ನೀವು ಊಟಕ್ಕೆ ಕೂರುವಾಗ ಕೆಂಚನಿಗೂ ಕೆಳಗೆ ಏನಾದರೂ ಹಾಸಿ. ಕೋಟು ಎಷ್ಟು ಮುಖ್ಯವೋ ಹಾಸಿಗೆಯೂ ಅಷ್ಟೇ ಮುಖ್ಯ.

ಬೇಕರ್_ಕಡೆಯವನು | ಗುರುವಾರ ಬೆಳಗ್ಗೆ

ಅಜ್ಜನ ಮಾತು ನೂರಕ್ಕೆ ನೂರು ಸರಿ. ಚಾಪೆಯಂತೆ ಮಡಚುವ ಫೋಮ್ ತುಂಡು ಒಯ್ಯಿರಿ, ತೂಕವೇ ಇಲ್ಲ.

ಚೋಪ್ತಾ_ಚಳಿ | ಗುರುವಾರ ಮಧ್ಯಾಹ್ನ

ನಾನು ಮೈಸೂರಿನವಳು, ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಉತ್ತರಾಖಂಡಕ್ಕೆ ಹೋಗುತ್ತೇನೆ. ತುಂಗನಾಥ ದೇವಸ್ಥಾನ 3,680 ಮೀಟರ್ ಎತ್ತರದಲ್ಲಿದೆ. ಚಳಿಗಾಲಕ್ಕೆ ಬಾಗಿಲು ಹಾಕಿದ ಮೇಲೂ ಜನ ಅದರ ಮೇಲಿನ ಚಂದ್ರಶಿಲೆ ಶಿಖರಕ್ಕೆ ಹತ್ತುತ್ತಾರೆ. ಆಗ ಕೆಳಗಿನ ಚೋಪ್ತಾದ ನಾಯಿಗಳು ಜೊತೆಗೆ ಬರುತ್ತವೆ. ಅವು ಭೋಟಿಯಾ ತಳಿಯವು, ಕುತ್ತಿಗೆ ಸುತ್ತ ಸಿಂಹದ ಜೂಲಿನಷ್ಟು ಕೂದಲು. ಕುರುಬರು ಚಿರತೆಯಿಂದ ಕಾಪಾಡಲು ಅವಕ್ಕೆ ಮುಳ್ಳಿನ ಕಬ್ಬಿಣದ ಪಟ್ಟಿ ಕಟ್ಟುತ್ತಾರೆ. ಹಿಮದಲ್ಲಿ ಉರುಳಾಡಿ ಅಲ್ಲೇ ನಿದ್ದೆ ಹೋಗುವ ನಾಯಿಗಳು.

ಇದನ್ನು ಹೇಳಿದ್ದು ಯಾಕೆಂದರೆ, ಅಂಥ ಫೋಟೋ ನೋಡಿ ನಮ್ಮವರು ಎಲ್ಲ ನಾಯಿಗೂ ಹಿಮ ಇಷ್ಟ ಅಂದುಕೊಳ್ಳುತ್ತಾರೆ. ಆ ಮೈ ಬೇರೆ, ಈ ಮೈ ಬೇರೆ. ಇನ್ನೊಂದು ವಿನಂತಿ, ಅಲ್ಲಿಗೆ ಹೋಗುವವರಿಗೆ: ದಾರಿಯುದ್ದಕ್ಕೂ ಬಿಸ್ಕತ್ತು ಹಾಕುತ್ತಾ ನಾಯಿಯನ್ನು ಮೇಲೆ ಕರೆದುಕೊಂಡು ಹೋಗಬೇಡಿ. ಅದು ಕೇದಾರನಾಥ ವನ್ಯಜೀವಿ ಧಾಮ. ಕಸ್ತೂರಿ ಮೃಗ, ಮೊನಾಲ್ ಹಕ್ಕಿ ಇರುವ ಜಾಗ. ನಿಮ್ಮ ಬಿಸ್ಕತ್ತಿನ ಹಿಂದೆ ಬಂದ ನಾಯಿ ಅಲ್ಲಿ ಅವುಗಳ ಹಿಂದೆ ಓಡುತ್ತದೆ.

ಬೆಟ್ಟದಹಾದಿ | ಶುಕ್ರವಾರ ಸಂಜೆ

ಎಲ್ಲರಿಗೂ ಮನಸಾರೆ ಧನ್ಯವಾದ. ಎಲ್ಲವನ್ನೂ ಹೆಂಡತಿಯ ಜೊತೆ ಕೂತು ಓದಿದೆ. ಹೋಗುತ್ತಿದ್ದೇವೆ, ಆದರೆ ಪೂರ್ತಿ ಸುತ್ತು ಹಾಕುವ ಯೋಚನೆ ಬಿಟ್ಟಿದ್ದೇವೆ. ಹೆದರ್ ಪಾಸ್ ತನಕ ಹೋಗಿ ಅದೇ ದಾರಿಯಲ್ಲಿ ವಾಪಸ್. ಎಲ್ಲೇ ಇದ್ದರೂ 12 ಗಂಟೆಗೆ ಕೆಳಮುಖ. ವೈದ್ಯೆ ಹೇಳಿದ ಗುರುತುಗಳಲ್ಲಿ ಯಾವುದೇ ಎರಡು ಒಟ್ಟಿಗೆ ಕಂಡರೆ ಗಡಿಯಾರ ನೋಡದೆ ತಿರುಗುತ್ತೇವೆ. ಬೂಟಿಗೆ ಕೆಂಚ ಮೂರನೇ ದಿನಕ್ಕೆ ಒಪ್ಪಿದ. ಅವನನ್ನು ಜೋಳಿಗೆಯಲ್ಲಿ ಹೊತ್ತು ಮನೆಯ ಮೆಟ್ಟಿಲು ಹತ್ತಿ ಇಳಿದೆ. ಕಷ್ಟ, ಆದರೆ ಇಬ್ಬರೂ ಸರದಿಯಲ್ಲಿ ಹೊತ್ತರೆ ಆಗುತ್ತದೆ.

ತುಂಗಾತೀರ | ಶುಕ್ರವಾರ ರಾತ್ರಿ

ಇಷ್ಟು ಯೋಚಿಸಿ ಹೊರಟಿರುವುದು ನೋಡಿ ಸಮಾಧಾನ ಆಯಿತು. ಬಂದ ಮೇಲೆ ಕೆಂಚ ಹೇಗಿದ್ದಾನೆ ಅಂತ ಖಂಡಿತ ಬರೆಯಿರಿ.

ಬೆಟ್ಟದಹಾದಿ | ಭಾನುವಾರ ಬೆಳಗ್ಗೆ

ಹೋಗಿ ಬಂದೆವು. ಕೆಂಚ ಆರಾಮಾಗಿದ್ದಾನೆ, ತುಂಗಾತೀರ ಅವರೇ.

ಬೆಳಗ್ಗೆ ಐದಕ್ಕೇ ಮನೆ ಬಿಟ್ಟೆವು. ಡಯಾಬ್ಲೊ ಲೇಕ್ ದಾಟುವಾಗ ಬೆಳಕಾಗಿತ್ತು. ಹಿಮನದಿಗಳು ಅರೆದ ಕಲ್ಲಿನ ಪುಡಿಯಿಂದ ಆ ಕೆರೆಗೆ ಬರುವ ಹಸಿರು ನೀಲಿ ಬಣ್ಣ ಮೋಡ ಇಲ್ಲದ ಬೆಳಗಿನಲ್ಲಿ ಇನ್ನೂ ಗಾಢವಾಗಿತ್ತು. ರೇನಿ ಪಾಸ್‌ನಲ್ಲಿ ಮೈನಸ್ 3 ಡಿಗ್ರಿ. ಕಾರು ನಿಲ್ದಾಣದ ಕೆಸರು ಗಟ್ಟಿಯಾಗಿತ್ತು. ಎಂಟೂವರೆಗೆ ಹಾದಿ ಹಿಡಿದೆವು.

ಕಾಡಿನೊಳಗೆ ಹಿಮ ತೇಪೆ ತೇಪೆಯಾಗಿತ್ತು. ಕೆಂಚನಿಗೆ ಬೂಟು ಹಾಕಿರಲಿಲ್ಲ, ಮೇಣ ಮಾತ್ರ. ಹಿಮದ ತೇಪೆ ಸಿಕ್ಕಲ್ಲೆಲ್ಲ ಮೂಗು ಇಟ್ಟು ಉದ್ದಕ್ಕೆ ಗೆರೆ ಎಳೆಯುತ್ತಾ ನಡೆದ. ಯಾವ ಪ್ರಾಣಿ ಯಾವಾಗ ಹಾದುಹೋಯಿತು ಅಂತ ಓದುತ್ತಿದ್ದ ಅನಿಸುತ್ತದೆ. ಒಂದು ಕಡೆ ಮೊಲದ ಹೆಜ್ಜೆ ನಮಗೂ ಕಂಡಿತು, ಹಿಂಗಾಲಿನ ದೊಡ್ಡ ಗುರುತು ಮುಂದೆ, ಮುಂಗಾಲಿನದು ಹಿಂದೆ.

ಲೇಕ್ ಆ್ಯನ್ ಕವಲು ದಾಟಿದ ಮೇಲೆ ಹಿಮ ಒಂದೇ ಸಮ ಹರಡಿತ್ತು. ಅಲ್ಲಿ ಬೂಟು ಹಾಕಿದೆವು. ಕಲ್ಲುರಾಶಿಯಲ್ಲಿ ಮೊದಲೇ ಹೋದವರ ಹೆಜ್ಜೆ ಗಟ್ಟಿಯಾಗಿ ಕೂತಿತ್ತು, ಅದರ ಮೇಲಷ್ಟೇ ನಡೆಸಿದೆವು. ಹೆಂಡತಿ ಕೋಲಿನಿಂದ ಪಕ್ಕದಲ್ಲಿ ಚುಚ್ಚಿ ನೋಡಿದಳು, ಕೋಲು ಅರ್ಧ ಇಳಿಯಿತು. ಪೈಕಾ ಕೂಗಿದ್ದು ಆಗಲೇ. ಕೆಂಚನ ಇಡೀ ಮೈ ಬಿಗಿಯಾಯಿತು, ಲೀಶ್ ತಂತಿಯಾಯಿತು. ಕಾಫಿಸೀಮೆ ಅವರನ್ನು ನೆನೆದೆವು.

ಆಮೇಲೆ ಲಾರ್ಚ್‌ಗಳು. ಸೂಜಿ ಎಲೆಯ ಮರ ಆದರೂ ಇದು ಚಳಿಗಾಲಕ್ಕೆ ಎಲೆ ಉದುರಿಸುತ್ತದೆ. ಅರ್ಧದಷ್ಟು ಮರಗಳು ಬೋಳಾಗಿದ್ದವು, ಉಳಿದವು ಹಳದಿ. ಉದುರಿದ ಎಳೆಗಳು ಹಿಮದ ಮೇಲೆ ಬಿದ್ದು, ಬಿಸಿಲಿಗೆ ಕಾದು, ಪ್ರತಿ ಎಳೆಯೂ ತನ್ನ ಅಳತೆಯ ಪುಟ್ಟ ಗುಂಡಿ ಮಾಡಿಕೊಂಡು ಒಳಗೆ ಇಳಿದಿತ್ತು. ನಾವು ಮಂಡಿಯೂರಿ ಕೂತು ನೋಡಿದೆವು. ಕೆಂಚನ ಕಿತ್ತಳೆ ಕೋಟಿನ ತುಂಬ ಹಳದಿ ಎಳೆ ಅಂಟಿದ್ದವು. ಊರಿನಿಂದ ಬರುವವರಿಗೆಲ್ಲ ಈ ಬೆಟ್ಟವನ್ನು ಈ ಕಾಲದಲ್ಲೇ ತೋರಿಸಬೇಕು ಅನಿಸಿತು.

ಹೆದರ್ ಪಾಸ್ ಮುಟ್ಟಿದಾಗ ಹನ್ನೊಂದು ಗಂಟೆ ಆಗಿತ್ತು. ಅಲ್ಲಿ ಗಾಳಿ ಬೇರೆಯೇ. ಬ್ಲ್ಯಾಕ್ ಪೀಕ್ ಪೂರ್ತಿ ಬಿಳಿಯಾಗಿ ಎದುರಿಗೆ ನಿಂತಿತ್ತು, ಅದರ ಹಿಂದೆ ಪಶ್ಚಿಮದಲ್ಲಿ ಮೋಡದ ಗೆರೆ. ಬಂಡೆಯ ಮರೆಯಲ್ಲಿ ಫೋಮ್ ಹಾಸಿ, ಒದ್ದೆ ಫ್ಲೀಸ್ ತೆಗೆದು ಒಣದು ಹಾಕಿ ಕೂರಿಸಿದೆವು. ಕೋಳಿ ಅನ್ನ ತಿಂದ, ಬೆಚ್ಚಗಿನ ನೀರು ಪೂರ್ತಿ ಕುಡಿದ. ಕೆನಡಾ ಜೇ ಹಕ್ಕಿಗಳು ಬಂದು ಕೈಯಳತೆ ದೂರದಲ್ಲಿ ಕೂತವು, ನಾವು ಏನೂ ಹಾಕಲಿಲ್ಲ. ಹತ್ತೇ ನಿಮಿಷ. ಕೆಂಚ ಮುಂಗಾಲು ಒಂದೊಂದಾಗಿ ಎತ್ತತೊಡಗಿದ, ನಂತರ ಎದ್ದು ನನ್ನ ಹಿಂದೆ ಬಂದು ನಿಂತ. ಎರಡು ಗುರುತು.

ಅಲ್ಲಿಂದ ಮೇಪಲ್ ಪಾಸ್ ಕಣ್ಣೆದುರಿಗೇ ಕಾಣುತ್ತದೆ. ಹಾದಿಯಲ್ಲಿ ಜನ ಮುಂದೆ ಹೋಗುತ್ತಿದ್ದರು, ಬಿಸಿಲೂ ಇತ್ತು. ನಮ್ಮಿಬ್ಬರಿಗೂ ಚಳಿಯೇ ಆಗಿರಲಿಲ್ಲ, ಕಾಲಲ್ಲಿ ಶಕ್ತಿ ಇತ್ತು. ಹಾಗಿದ್ದೂ ಚೀಲ ಕಟ್ಟಿ ಇಳಿದೆವು. ಇಳಿಯಲು ಶುರುಮಾಡಿ ಕಾಲು ಗಂಟೆಯೊಳಗೆ ಅವನ ಬಾಲ ಮತ್ತೆ ಮೇಲೆದ್ದಿತು. ನಾವು ಕಾಡು ಸೇರಿದ ಸ್ವಲ್ಪ ಹೊತ್ತಿಗೆ ಬಿಸಿಲು ಹೋಯಿತು, ಕಾರು ಮುಟ್ಟುವಾಗ ಅರ್ಧ ಮಳೆ ಅರ್ಧ ಹಿಮ ಹನಿಯುತ್ತಿತ್ತು.

ಧಾರವಾಡದ_ವೈದ್ಯೆ | ಭಾನುವಾರ ಮಧ್ಯಾಹ್ನ

ಓದಿ ಬಹಳ ಖುಷಿಯಾಯಿತು. ನಿಮಗೆ ಚಳಿಯಾಗದೇ ಇದ್ದಾಗ ಅವನಿಗೆ ಆಗಿದೆ ಅಂತ ಗುರುತಿಸಿದಿರಲ್ಲ, ಅದೇ ಬೇಕಾಗಿದ್ದದ್ದು. ಇವತ್ತು ಬೆರಳ ಸಂದಿ, ಗಾದಿಯ ಅಂಚು ಒತ್ತಿ ನೋಡಿ. ಸಣ್ಣ ಬಿರುಕು ಮರುದಿನ ಕಾಣುತ್ತದೆ. ಕಿವಿ ತುದಿ, ಬಾಲದ ತುದಿ ಬೆಳ್ಳಗೆ ಅಥವಾ ಗಡುಸಾಗಿಲ್ಲ ತಾನೇ?

ಬೆಟ್ಟದಹಾದಿ | ಭಾನುವಾರ ಮಧ್ಯಾಹ್ನ

ಕಿವಿ, ಬಾಲ ಚೆನ್ನಾಗಿವೆ. ಎಡ ಹಿಂಗಾಲಿನ ಬೂಟು ಉಜ್ಜಿ ಹಿಂಬೆರಳ ಹತ್ತಿರ ಸ್ವಲ್ಪ ಕೆಂಪಾಗಿದೆ, ಗಾಯ ಇಲ್ಲ. ಮುಂದಿನ ಸಲ ಬೂಟಿನ ಒಳಗೆ ತೆಳು ಕಾಲುಚೀಲ ಹಾಕುತ್ತೇವೆ.

ಹೊಸಬೆಳಕು | ಭಾನುವಾರ ರಾತ್ರಿ

ಚರ್ಚೆ ಪೂರ್ತಿ ಓದಿದೆ. ನಮ್ಮದೂ ಬೆಂಗಳೂರಿನ ಬೀದಿನಾಯಿಯೇ, ಮುಂದಿನ ವರ್ಷ ಕರೆತರಬೇಕು. ಅಮೆರಿಕಕ್ಕೆ ನಾಯಿ ತರುವ ನಿಯಮ ಬದಲಾಗಿದೆಯಂತೆ, ಹೌದಾ? ಮತ್ತೆ ಮೇಪಲ್ ಪಾಸ್‌ಗೆ ನವೆಂಬರ್ ಮಧ್ಯದಲ್ಲಿ ಹೋಗಬಹುದಾ? ನಮ್ಮ ಗೆಳೆಯರ ಬಳಿ ಬೀಗಲ್ ಇದೆ.

ಬೆಟ್ಟದಹಾದಿ | ಭಾನುವಾರ ರಾತ್ರಿ

ಹೌದು, 2024ರ ಆಗಸ್ಟ್ 1ರಿಂದ ಅಮೆರಿಕದ ನಿಯಮ ಬಿಗಿಯಾಗಿದೆ. ನಾಯಿಗೆ ಕನಿಷ್ಠ ಆರು ತಿಂಗಳಾಗಿರಬೇಕು, ಮೈಕ್ರೋಚಿಪ್ ಇರಬೇಕು. ಭಾರತ ರೇಬಿಸ್ ಅಪಾಯ ಹೆಚ್ಚಿರುವ ದೇಶಗಳ ಪಟ್ಟಿಯಲ್ಲಿರುವುದರಿಂದ ಲಸಿಕೆಯ ದಾಖಲೆ, ರಕ್ತ ಪರೀಕ್ಷೆ ಎಲ್ಲಕ್ಕೂ ಹೆಚ್ಚು ಸಮಯ ಹಿಡಿಯುತ್ತದೆ. ಚಿಪ್ ಮೊದಲು, ಲಸಿಕೆ ಆಮೇಲೆ. ಆ ಕ್ರಮ ತಪ್ಪಿಸಬೇಡಿ. ಈಗಲೇ ಶುರು ಮಾಡಿ.

ಕಾಫಿಸೀಮೆ | ಸೋಮವಾರ ಬೆಳಗ್ಗೆ

ನವೆಂಬರ್ ಮಧ್ಯಕ್ಕೆ ಮೇಪಲ್ ಪಾಸ್ ನೆಚ್ಚಿಕೊಳ್ಳಬೇಡಿ. ರೇನಿ ಪಾಸ್‌ಗೆ ಹೋಗುವ ಹೆದ್ದಾರಿ 20 ಹೆಚ್ಚಿನ ವರ್ಷ ನವೆಂಬರ್ ಅಥವಾ ಡಿಸೆಂಬರಿನಲ್ಲಿ ಹಿಮಕುಸಿತದ ಅಪಾಯದಿಂದ ಮುಚ್ಚುತ್ತದೆ, ತೆರೆಯುವುದು ವಸಂತಕ್ಕೆ. 1972ರಲ್ಲಿ ರಸ್ತೆ ಶುರುವಾದ ಮೇಲೆ ಚಳಿಗಾಲ ಪೂರ್ತಿ ತೆರೆದಿದ್ದದ್ದು 1976–77ರ ಬರಗಾಲದಲ್ಲಿ ಮಾತ್ರ. ರಸ್ತೆ ತೆರೆದಿದ್ದರೂ ಆ ಹೊತ್ತಿಗೆ ಮೇಲಿನ ಇಳಿಜಾರುಗಳಲ್ಲಿ ಹಿಮ ಕುಸಿಯುವಷ್ಟು ಸೇರಿರಬಹುದು. ಕುಸಿತದ ಬಗ್ಗೆ ಕಲಿತು, ಸಲಕರಣೆ ಇರುವವರಿಗಷ್ಟೇ ಅದು.

ಬೀಗಲ್ ಜೊತೆ ನವೆಂಬರಿಗೆ ಓಯ್‌ಸ್ಟರ್ ಡೋಮ್ ಹೋಗಿ. ಸಮುದ್ರದ ಪಕ್ಕದ ಗುಡ್ಡ, ಹಿಮ ಅಪರೂಪ, ಮೇಲಿನಿಂದ ದ್ವೀಪಗಳು ಕಾಣುತ್ತವೆ. ಅಲ್ಲೂ ಲೀಶ್ ಬೇಕು. ಮಳೆ ಖಂಡಿತ ಇರುತ್ತದೆ, ಆದ್ದರಿಂದ ಹೊಟ್ಟೆ ಮುಚ್ಚುವ ಕೋಟು, ಫೋಮ್, ಒಣ ಟವೆಲ್ ಅಲ್ಲಿಗೂ ಒಯ್ಯಿರಿ. ಈ ಅಕ್ಟೋಬರಿನಲ್ಲೇ ರೇನಿ ಪಾಸ್ ನೋಡಬೇಕು ಅಂತಿದ್ದರೆ, ಅಲ್ಲಿಂದ ರೇನಿ ಲೇಕ್‌ಗೆ ಒಂದು ಮೈಲಿ ಡಾಂಬರು ಹಾದಿ ಇದೆ. ಗಾಲಿಕುರ್ಚಿ ಹೋಗುವಷ್ಟು ಸಮ. ಮುಪ್ಪಿನ ನಾಯಿಗೂ, ಊರಿನಿಂದ ಬಂದ ಅಪ್ಪ ಅಮ್ಮನಿಗೂ ಅದು ಸಾಕು. ಹೊರಡುವ ಹಿಂದಿನ ದಿನ ರಸ್ತೆ ತೆರೆದಿದೆಯಾ ಅಂತ ಮಾತ್ರ ನೋಡಿಕೊಳ್ಳಿ.